ಹುತ್ತೂರಿನ ಹಾಡುಹಗಲ ಮಂಜು

ಸುಬ್ರಮಣಿಯ ಕೆಲಸಕ್ಕೆ ಸಂಚಕಾರ ತಂದದ್ದು ಒಂದು ಹಿಡಿ ಸಾಂಬ್ರಾಣಿ.

ಹುತ್ತೂರಿನ ಅಶ್ವತ್ಥಮ್ಮನ ತಾರಸಿಯ ಮೇಲೆ ಮಂಜು ಅಳೆಯುವ ಯಂತ್ರವೊಂದನ್ನು ಕೂರಿಸಿದ್ದರು. ಅದು ಗಾಳಿಗೆ ಲೇಸರ್ ಕಿರಣ ಬಿಡುತ್ತದೆ. ಮಂಜಿಗೋ ಧೂಳಿಗೋ ತಾಗಿ ಎಷ್ಟು ಬೆಳಕು ವಾಪಸಾಯಿತೆಂದು ನೋಡಿ, ಕಣ್ಣಿಗೆ ಎಷ್ಟು ದೂರ ಕಂಡೀತೆಂದು ಲೆಕ್ಕ ಹಾಕಿ, ಕೋಲಾರದ ರಸ್ತೆಯಲ್ಲಿ ವಾಹನದವರಿಗೆ ಎಚ್ಚರಿಕೆ ತೋರಿಸುವ ಬೋರ್ಡಿಗೆ ತಿಳಿಸುತ್ತದೆ. ಕಾವಲಿಗೆ ಸುಬ್ರಮಣಿ, ಗುತ್ತಿಗೆ ನೌಕರ. ಅಂದು ಇಂಜಿನಿಯರ್ ಮುರಳಿಮೋಹನ್ ಪರೀಕ್ಷೆಗೆ ಬರುವವರಿದ್ದರು. ಯಂತ್ರ ಪಾಸಾದರೆ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ.

ಸುಬ್ರಮಣಿ ಕಾಫಿ ಕುಡಿದು ಬರುವಷ್ಟರಲ್ಲಿ ಅಶ್ವತ್ಥಮ್ಮ ಯಂತ್ರದ ಮುಂದೆ ಕೆಂಡದ ಬಾಂಡಲಿ ಇಟ್ಟುಕೊಂಡು ಕೂತಿದ್ದಳು. ಇಟ್ಟಿಗೆ ಗೂಡಿನಿಂದ ಏಳುವಂತೆ ಹೊಗೆ ಏಳುತ್ತಿತ್ತು.

"ಅಯ್ಯೋ, ಏನಮ್ಮ ಇದು!"

"ಹಾಕು ಅಂತ ದೊಡ್ಡೋರು ಹೇಳವ್ರೆ. ಯಾರು, ಏನು ಅಂತ ಕೇಳ್ಬೇಡ."

ದೃಷ್ಟಿ ತೆಗೆಯಲು ಪೂಜಾರಿ ಹೇಳಿರಬೇಕು ಎಂದುಕೊಂಡ ಸುಬ್ರಮಣಿ. ಅಷ್ಟರಲ್ಲಿ ಬೋರ್ಡಿನ ಎದುರು ಟೀ ಅಂಗಡಿ ಇಟ್ಟಿದ್ದ ಚಂದ್ರುವಿನ ಫೋನು ಬಂತು.

"ಲೇ, ಮಟಮಟ ಬಿಸಿಲಲ್ಲಿ ನಿನ್ ಬೋರ್ಡು 'ದಟ್ಟ ಮಂಜು, ನಿಧಾನ' ಅಂತೈತೆ! ಟೊಮೇಟೊ ಲಾರಿಯೋರು ಇಳಿದು ಸೆಲ್ಫಿ ತಗೋತಾವ್ರೆ ಕಣೋ!"

ಪಕ್ಕದ ಮನೆಯ ವೇಣುಗೋಪಾಲ್ ಓಡಿಬಂದ. ಅವನದು ರೇಷ್ಮೆ ಸಾಕಣೆ.

"ಏಮಮ್ಮಾ ಇದಿ! ನಮ್ ಹುಳ ಪೊರೆ ಬಿಡಕ್ಕೆ ನಾಲ್ಕನೇ ಜ್ವರಕ್ಕೆ ಕೂತವೆ. ಹೊಗೆ ತಾಗಿದ್ರೆ ಒಂದೂ ಉಳಿಯಲ್ಲ!"

ಹೊಗೆ ಓಡಿಸಲು ಅವನೇ ಹುಳು ಮನೆಯ ದೊಡ್ಡ ಫ್ಯಾನು ಹೊತ್ತು ತಂದು ಹಾಕಿದ. ಹುಳುವಿನ ಮೇಲೆ ಉದುರಿಸುವಾಗ ಅದಕ್ಕೆ ಮೆತ್ತಿದ್ದ ಸುಣ್ಣದ ಪುಡಿಯೆಲ್ಲ ಎದ್ದು, ಯಂತ್ರ ಹಿಟ್ಟಿನ ಗಿರಣಿಯಿಂದ ಹೊರಬಂದ ಬೆಕ್ಕಿನಂತಾಯಿತು.

ಮತ್ತೆ ಚಂದ್ರು: "ಈಗ ಐವತ್ತು ಮೀಟರ್ ಅಂತೈತೆ! ಲಾರಿಯೋರು ನಗ್ತಾ ಲೈಟ್ ಹಾಕ್ಕೊಂಡವ್ರೆ!"

ಬಾಂಡಲಿ ಎತ್ತಲು ಹೋದರೆ ಅಶ್ವತ್ಥಮ್ಮ ಇಕ್ಕಳ ತೋರಿಸಿ ಹೆದರಿಸಿದಳು. ಸುಬ್ರಮಣಿಗೆ ಉಳಿದದ್ದು ಒಂದೇ ದಾರಿ. ಮೊಬೈಲಿನಿಂದಲೇ ಬೋರ್ಡನ್ನು ಯಂತ್ರದಿಂದ ಬಿಡಿಸಿ, ತಾನೇ 'ದಾರಿ ಸ್ಪಷ್ಟ' ಎಂದು ಬರೆದ. ಜೀವ ಬಂದಂತಾಯಿತು.

ಸ್ವಲ್ಪ ಹೊತ್ತಿಗೆ ಮುರಳಿಮೋಹನ್ ಮುಖ ಗಂಟಿಕ್ಕಿಕೊಂಡು ಮೆಟ್ಟಿಲು ಹತ್ತಿದರು.

"ಮಿಷಿನ್ ಫೇಲ್ ಕಣ್ರೀ."

"ಇಲ್ಲ ಸಾರ್! ಬೋರ್ಡಲ್ಲಿ ದಾರಿ ಸ್ಪಷ್ಟ ಅಂತಿದೆ!"

"ಅದೇ ನೋಡಿ. ಪರೀಕ್ಷೆಗೆ ಅಂತ ನಿಮಗೆ ಹೇಳದೆ ಹೊಗೆ ಹಾಕ್ಸಿದ್ದು ನಾನೇ. ಬೋರ್ಡಿನ ಕೆಳಗೇ ಕಾರು ನಿಲ್ಲಿಸಿ ನೋಡ್ತಿದ್ದೆ. ಮೊದಲು ಚೆನ್ನಾಗೇ ಮಂಜು ಅಂತು. ಹೊಗೆ ಇನ್ನೂ ಹೀಗೇ ಇದೆ, ಅದು ಮಾತ್ರ ಸ್ಪಷ್ಟ ಅಂತಿದೆ. ನಾಳೆ ಬಿಚ್ಚಿಸ್ತೀನಿ."

ಸುಬ್ರಮಣಿ ಬಾಯಿ ತೆರೆದ. ಬೋರ್ಡು ತಿದ್ದಿದ್ದು ತಾನೇ ಎಂದರೆ ಯಂತ್ರ ಪಾಸು, ತಾನು ಮನೆಗೆ. ಸುಮ್ಮನಿದ್ದರೆ ಯಂತ್ರ ವಾಪಸು ಬೆಂಗಳೂರಿಗೆ, ತಾನು ಮನೆಗೆ. ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದ.

ಅಶ್ವತ್ಥಮ್ಮ ಸಾಂಬ್ರಾಣಿ ಪೊಟ್ಟಣ ಅಲ್ಲಾಡಿಸಿ ನೋಡಿದಳು.

"ಸಾ, ಇನ್ನೂ ಒಂದ್ ಹಿಡಿ ಐತೆ. ಹಾಕ್ಲಾ, ಸಾಕಾ?"