ಮೊದಲು ಹೇಳುವವನು ನಾನಲ್ಲ

ಪ್ರವಾಸ ಹೋಗಿ ಬಂದವರಲ್ಲಿ ಎರಡು ಜಾತಿ. ಬಸ್ಸಿನಿಂದ ಇಳಿಯುತ್ತಲೇ ‘ಯಾಕಾದರೂ ಹೋದೆವೋ’ ಎಂದು ಊರಿಗೆಲ್ಲ ಸಾರುವವರು ಒಂದು ಜಾತಿ. ಹಲ್ಲು ಕಚ್ಚಿಕೊಂಡು ‘ಭಾಳ ಚಲೋ ಇತ್ತು’ ಎನ್ನುವವರು ಇನ್ನೊಂದು. ಮೊದಲನೆಯವರಿಗೆ ಜನರ ಮರುಕ ಸಿಗುತ್ತದೆ, ಜೊತೆಗೆ ಒಂದು ಲೋಟ ಮಜ್ಜಿಗೆಯೂ ಸಿಗುತ್ತದೆ. ಎರಡನೆಯವರಿಗೆ ಮಾನವೊಂದು ಉಳಿಯುತ್ತದೆ, ಅಷ್ಟೆ. ನಾನು ಎರಡನೆಯ ಜಾತಿಯವನು. ನನ್ನ ಹೆಂಡತಿ ಪಾರ್ವತಿ ಇದನ್ನು ಮೊಂಡುತನ ಎನ್ನುತ್ತಾಳೆ. ಎನ್ನಲಿ. ಕೈಯಾರೆ ಖರ್ಚು ಮಾಡಿ, ಬೆನ್ನು ನೋಯಿಸಿಕೊಂಡು ಹೋಗಿ ಬಂದವನು ‘ನಾನು ಸೋತು ಬಂದೆ’ ಎಂದು ತನ್ನ ಡಂಗುರವನ್ನು ತಾನೇ ಏಕೆ ಹೊಡೆಯಬೇಕು? ಅದಕ್ಕೆ ಬೇರೆ ಜನ ಇದ್ದೇ ಇರುತ್ತಾರೆ.

ನನ್ನ ವಿಷಯದಲ್ಲಿ ಆ ಬೇರೆ ಜನವೆಂದರೆ ಪಾರ್ವತಿಯ ಅಣ್ಣ ಬಸವರಾಜಪ್ಪ. ಸಿರುಗುಪ್ಪದಲ್ಲಿ ಆತನದು ಅಕ್ಕಿ ಗಿರಣಿ. ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು, ಮನೆ ಕಂಟೋನ್ಮೆಂಟಿನಲ್ಲಿ. ಮದುವೆಯಾದಂದಿನಿಂದ ಬೇಸಿಗೆ ರಜೆ ಬಂತೆಂದರೆ ಟ್ರಂಕು ಕಟ್ಟಿ ಸಿರುಗುಪ್ಪಕ್ಕೆ ಹೋಗುವುದು ನಮ್ಮ ಮನೆಯ ನೇಮವಾಗಿತ್ತು. ಬಳ್ಳಾರಿಯ ಬಿಸಿಲಿನಿಂದ ಪಾರಾಗಲು ಸಿರುಗುಪ್ಪದ ಬಿಸಿಲಿಗೆ ಹೋಗುವುದು ಎಂಥ ಜಾಣತನವೋ, ನನಗೆ ತಿಳಿಯದು. ಹಗಲೆಲ್ಲ ಗಿರಣಿಯ ತೌಡಿನ ಧೂಳು, ಸಂಜೆಯಾದರೆ ಮಾಳಿಗೆಯ ಮೇಲೆ ಕುಳಿತು ಬಸವರಾಜಪ್ಪನ ಮಾತು. ಗಿರಣಿಗೆ ಬಂದ ರೈತರಿಗೆಲ್ಲ ನನ್ನನ್ನು ತೋರಿಸಿ, “ಇವ್ರು ನಮ್ಮ ಮೇಷ್ಟ್ರು. ಎರಡು ತಿಂಗಳು ಸುಮ್ನ ಕುಂದ್ರಾಕ ಸರ್ಕಾರದವ್ರು ಇವ್ರಿಗೆ ಪಗಾರ ಕೊಡ್ತಾರ. ಊಟ ಮಾತ್ರ ನಾವ್ ಹಾಕ್ತೀವಿ” ಎನ್ನುತ್ತಿದ್ದ. ರೈತರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಾಳಿಗೆ ಅವನದು, ಹಾಸಿಗೆ ಅವನದು, ನಗದೆ ಏನು ಮಾಡಲಿ?

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ತಿರುಗಿಬಿದ್ದೆ. ನಮ್ಮ ಶಾಲೆಗೆ ಕುರುಗೋಡಿನಿಂದ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಹಿಂದಿನ ವರ್ಷ ಕಾರವಾರದ ಕಡೆ, ಸಮುದ್ರದ ದಂಡೆಯ ಮೇಲಿನ ಒಂದು ವಿಹಾರಧಾಮಕ್ಕೆ ಹೋಗಿ ಬಂದಿದ್ದರು. “ಸ್ವರ್ಗ ಅಂದ್ರ ಸ್ವರ್ಗ ಐತ್ರಿ ಸರ್. ಒಮ್ಮೆ ಹೋಗಿ ಬರ್ರಿ” ಎಂದರು. ನಾನಂತೂ ವರ್ಷ ವರ್ಷ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸಮುದ್ರ ಬರೆದವನು, ಸಮುದ್ರಗಾಳಿ ಭೂಗಾಳಿಗಳನ್ನು ಬಾಣದ ಗುರುತು ಹಾಕಿ ಬೀಸಿಸಿದವನು. ‘ಕರಾವಳಿಯಲ್ಲಿ ಬೇಸಿಗೆ ತಂಪಾಗಿರುತ್ತದೆ’ ಎಂದು ಬರೆಯದ ಹುಡುಗರಿಗೆ ಸೊನ್ನೆ ಕೊಟ್ಟವನು. ಕಣ್ಣಾರೆ ಮಾತ್ರ ನೋಡಿರಲಿಲ್ಲ. ‘ಇನ್ನು ಮೇಲೆ ನಮ್ಮ ಬೇಸಿಗೆ ಸಮುದ್ರದ ದಂಡೆಯ ಮೇಲೆ’ ಎಂದು ಸಿರುಗುಪ್ಪಕ್ಕೆ ಸುದ್ದಿ ಮುಟ್ಟಿಸಿದೆ. ಬಸವರಾಜಪ್ಪ ಬಳ್ಳಾರಿಗೇ ಬಂದು, “ಸಮುದ್ರದಾಗ ಏನೈತ್ರಿ ಮೇಷ್ಟ್ರ? ನೀರು. ನಮ್ಮ ಕಾಲುವ್ಯಾಗೂ ಅದ ಐತಿ. ಹೋಗಿ ಬರ್ರಿ. ಮುಂದಿನ ಬ್ಯಾಸಿಗಿಗೆ ನಮ್ಮ ಮಾಳಿಗಿ ಎಲ್ಲೂ ಹೋಗಂಗಿಲ್ಲ” ಎಂದು ಹೇಳಿ ಹೋದ. ಅಂದರೆ ಅರ್ಥವಾಯಿತಲ್ಲ? ಸಮುದ್ರ ಸರಿಯಿಲ್ಲವೆಂದು ನನ್ನ ಬಾಯಿಂದ ಒಂದು ಮಾತು ಹೊರಬಿದ್ದರೆ, ಸಾಯುವವರೆಗೂ ನನ್ನ ಬೇಸಿಗೆಗಳೆಲ್ಲ ಸಿರುಗುಪ್ಪಕ್ಕೇ ಮೀಸಲು.

ಹೊರಟೆವು. ಕರಾವಳಿ ತಂಪೆಂದು ನಾನು ಎರಡು ಕಂಬಳಿ ಕಟ್ಟಿದೆ. ಪಾರ್ವತಿ ಜೋಳದ ಕಟಿ ರೊಟ್ಟಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡಳು. ಬಳ್ಳಾರಿಯ ಹವೆಯಲ್ಲಿ ಆ ರೊಟ್ಟಿ ತಿಂಗಳಾದರೂ ಕಟಕಟ ಎನ್ನುತ್ತದೆ. ಹೊಸಪೇಟೆ, ಹುಬ್ಬಳ್ಳಿ, ಆಮೇಲೆ ಘಟ್ಟ. ಕೊನೆಯ ಬಸ್ಸು ಎಲ್ಲಿಯೋ ಒಂದು ಕೂಡುರಸ್ತೆಯಲ್ಲಿ ನಮ್ಮನ್ನು ಇಳಿಸಿ ಹೋಯಿತು. ಅಲ್ಲಿಂದ ಮರಳಿನಲ್ಲಿ ನಡಿಗೆ. ಟ್ರಂಕು ನನ್ನ ತಲೆಯ ಮೇಲೆ, ಕಂಬಳಿ ಹೆಗಲ ಮೇಲೆ. ಬೆವರು ಇಳಿಯತೊಡಗಿತು. ನಮ್ಮ ಕಡೆ ಬೆವರು ಬರುವುದೂ ಗೊತ್ತಾಗುವುದಿಲ್ಲ, ಹೋಗುವುದೂ ಗೊತ್ತಾಗುವುದಿಲ್ಲ. ಇಲ್ಲಿ ಬಂದದ್ದು ಹೋಗಲೇ ಇಲ್ಲ.

ವಿಹಾರಧಾಮವೆಂದರೆ ಹಂಚಿನ ಒಂದು ಉದ್ದನೆಯ ಕಟ್ಟಡ, ಅದರಲ್ಲಿ ನಾವಿಬ್ಬರೇ ಅತಿಥಿಗಳು. ನೋಡಿಕೊಳ್ಳುವುದಕ್ಕೂ ಅಡುಗೆ ಮಾಡುವುದಕ್ಕೂ ಒಬ್ಬರೇ ಭಟ್ಟರು. ಕೋಣೆ ಸಮುದ್ರದ ಕಡೆಗೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಉಪ್ಪುಗಾಳಿಗೆ ಕಿಟಕಿಯ ಚಿಲಕ ತುಕ್ಕು ಹಿಡಿದು ಕಿಟಕಿ ತೆಗೆಯಲು ಬರುತ್ತಿರಲಿಲ್ಲ. ಸಮುದ್ರದ ಸದ್ದು ಕೇಳುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಊಟಕ್ಕೆ ಕುಚ್ಚಲಕ್ಕಿ ಅನ್ನ. ಗಿರಣಿಯವರ ಮನೆಯ ಮಗಳು ಪಾರ್ವತಿ ಒಂದು ಅಗುಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. “ರೊಟ್ಟಿ ತೆಗಿ” ಎಂದೆ. ಗಂಟು ಬಿಚ್ಚಿದರೆ ರೊಟ್ಟಿ ಒದ್ದೆ ಟವೆಲ್ಲಿನಂತೆ ಜೋತುಬಿದ್ದಿತ್ತು. ಮರುದಿನ ಅದಕ್ಕೆ ಹಸಿರು ಬೂಸ್ಟು ಬಂತು.

ಸಂಜೆ ಸೆಕೆ ತಡೆಯಲಾರದೆ ನಾನು ನಮ್ಮ ಊರಿನ ಉಪಾಯ ಹೂಡಿದೆ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಹೊಡೆಯುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ನೆಲ ಸುಯ್ಯೆಂದು ಆವಿ ಬಿಟ್ಟು, ಎಲೆ ಅಡಿಕೆ ಹಾಕಿಕೊಳ್ಳುವುದರೊಳಗೆ ಒಣಗಿ ತಂಪಾಗುತ್ತದೆ. ಹಾಸಿಗೆ ಹಾಸಿದರೆ ಆಯಿತು. ಅದೇ ರೀತಿ ಇಲ್ಲಿಯೂ ಬಾವಿಯಿಂದ ನೀರು ಸೇದಿ ಸೇದಿ ಕೋಣೆಗೂ ಜಗುಲಿಗೂ ಹೊಡೆದೆ. ಭಟ್ಟರು ಲಾಟೀನು ಹಿಡಿದುಕೊಂಡು ಬಂದು, “ಎಂತ ಮಾರಾಯ್ರೇ, ಹರಕೆ ಏನಾದ್ರೂ ಉಂಟೋ?” ಎಂದರು. “ಇಲ್ರಿ, ನೆಲ ತಂಪಾಗಲಿ ಅಂತ” ಎಂದೆ. ಅವರು ನನ್ನನ್ನೂ ನೀರನ್ನೂ ನೋಡಿ ಒಳಗೆ ಹೋದರು. ಆ ನೀರು ಒಣಗಲಿಲ್ಲ. ಬೆಳಿಗ್ಗೆ ಎದ್ದಾಗಲೂ ಹಾಗೇ ನಿಂತಿತ್ತು. ಕೋಣೆಯಲ್ಲಿದ್ದ ಒಂದೇ ಬೆಂಚಿನ ಮೇಲೆ ನಾವಿಬ್ಬರೂ ಕಾಲು ಮೇಲಿಟ್ಟುಕೊಂಡು, ಸೊಳ್ಳೆ ಹೊಡೆಯುತ್ತ ಬೆಳಗು ಮಾಡಿದ್ದೆವು. ಹಾಕಿದ್ದ ಬಟ್ಟೆ ಒದ್ದೆ, ಒಗೆದು ಹಾಕಿದ ಬಟ್ಟೆ ಅದಕ್ಕಿಂತ ಒದ್ದೆ. ಡ್ರಾಯಿಂಗ್ ಮೇಷ್ಟ್ರು ಸ್ವರ್ಗ ಎಂದದ್ದು ಏಕೆಂದು ನನಗೆ ಆಗ ಹೊಳೆಯಿತು. ಆ ಪುಣ್ಯಾತ್ಮನೂ ನನ್ನ ಜಾತಿಯವನೇ.

“ಮನಿಗೆ ಹೋಗೂಣೇನ್ರಿ?” ಎಂದಳು ಪಾರ್ವತಿ. “ಯಾಕ? ಇಲ್ಲಿ ಏನಾಗೈತಿ?” ಎಂದೆ. ಹೇಳಿದಷ್ಟು ದಿನ ಅಲ್ಲಿಯೇ ಇದ್ದೆ, ಒಂದು ದಿನವೂ ಕಡಿಮೆ ಮಾಡಲಿಲ್ಲ. ನೇರ ಸಿರುಗುಪ್ಪಕ್ಕೇ ಹೋಗಿ ಅದೇ ಮಾಳಿಗೆಯ ಮೇಲೆ, ಅವೇ ರೈತರ ಮುಂದೆ ಕುಳಿತು ವರ್ಣಿಸಿದೆ. ಕಂಬಳಿ ಎರಡು ಸಾಲಲಿಲ್ಲ ಎಂದೆ. ಈಗಲೂ ನನಗೆ ಅದರಲ್ಲಿ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಆ ದಿನ ಮೊದಲ ಸಲ ಬಸವರಾಜಪ್ಪ ಬಾಯಿ ಮುಚ್ಚಿಕೊಂಡು ಕೇಳಿದ. ಕರೂರಿನ ರೈತನೊಬ್ಬ, “ಸಾವ್ಕಾರ್ರ, ನೀವು ಇನ್ನಾ ನೋಡೇ ಇಲ್ಲೇನ್ರಿ?” ಎಂದು ಅವನನ್ನೇ ಕೇಳಿಬಿಟ್ಟ. ನನ್ನ ಹೊಟ್ಟೆ ತಣ್ಣಗಾಯಿತು.

ಆದರೆ ಆ ಮಾತು ಬಸವರಾಜಪ್ಪನಿಗೆ ನಾಟಿತ್ತು. ಮುಂದಿನ ಬೇಸಿಗೆಗೆ ಬಜಾರದಲ್ಲೆಲ್ಲ ಹೇಳಿಕೊಂಡು, ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ನಮ್ಮ ಜೊತೆ ಹೊರಟೇಬಿಟ್ಟ. “ನಾನೂ ನೋಡ್ತೀನ್ರಿ ಮೇಷ್ಟ್ರ, ಅದೆಂಥಾ ಸಮುದ್ರ ಐತಿ ಅಂತ” ಎಂದ. ನನ್ನ ಬಣ್ಣ ಬಯಲು ಮಾಡಲೆಂದೇ ಬರುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಅದೇ ಭಟ್ಟರು, ಅದೇ ಅನ್ನ. ಮೊದಲ ಸಂಜೆ ಬಸವರಾಜಪ್ಪ ಅಂಗಿ ಬಿಚ್ಚಿ, “ಭಟ್ರ, ಒಂದು ಬಕೀಟು ಕೊಡ್ರಿ” ಎಂದ. ಏನು ಮಾಡಲು ಹೊರಟಿದ್ದಾನೆ ಎಂದು ನನಗೆ ತಿಳಿಯಿತು. ನಾನು ತಡೆಯಲಿಲ್ಲ. ಬೇಕಾದರೆ ಇನ್ನೊಂದು ಬಕೆಟ್ ತಂದುಕೊಡುತ್ತಿದ್ದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಮುಖ ಒಡ್ಡಿ ಕುಳಿತಿದ್ದ. ಸಿರುಗುಪ್ಪ ಹತ್ತಿರವಾದಂತೆ ನಾನು ಅವನ ಬಾಯನ್ನೇ ನೋಡತೊಡಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದೇ ತಡ, ಗಿರಣಿಯ ಜನ, ಬಜಾರದ ಜನ ಮುತ್ತಿಕೊಂಡರು. “ಹೆಂಗಿತ್ರಿ ಸಾವ್ಕಾರ್ರ ಸಮುದ್ರ?” ಬಸವರಾಜಪ್ಪ ಒಂದು ಸಲ ನನ್ನ ಮುಖ ನೋಡಿದ. ಅವನ ಕೊರಳ ಸುತ್ತ ಸೆಕೆಬೊಕ್ಕೆ ಎದ್ದು ಕೆಂಪಾಗಿತ್ತು. ಅದನ್ನು ಕೆರೆದುಕೊಳ್ಳುತ್ತ, “ಅದನ್ನ ಬಾಯಿಲೆ ಹೇಳಾಕ ಆಗಂಗಿಲ್ಲಪ. ಹೋಗೇ ನೋಡಬೇಕು” ಎಂದ. ಇಷ್ಟು ವರ್ಷ ಶತ್ರುವೆಂದು ಎಣಿಸಿದ್ದ ಮನುಷ್ಯ ನನ್ನ ಒಡಹುಟ್ಟಿದವನಂತೆ ಕಂಡದ್ದು ಆ ಗಳಿಗೆಯಲ್ಲಿ. ನಾನು ಗೆದ್ದೆ, ಸಿರುಗುಪ್ಪದ ಬೇಸಿಗೆ ತಪ್ಪಿತು ಎಂದು ಮನಸ್ಸಿನಲ್ಲೇ ಹಿಗ್ಗಿದೆ.

ಹೆಂಗಸರಿದ್ದಾರೆ ಎನ್ನುವುದನ್ನು ನಾವಿಬ್ಬರೂ ಮರೆತಿದ್ದೆವು. ಮುಂದಿನ ಬೇಸಿಗೆಯ ಮಾತು ಬಂದಾಗ ಗಿರಣಿಯಲ್ಲಿ ಜನ ತುಂಬಿದ್ದರು. ಪಾರ್ವತಿ ಅವರೆಲ್ಲರ ಎದುರಿಗೇ, “ಅಣ್ಣ, ನಿಮಗಿಬ್ರಿಗೂ ಸಮುದ್ರ ಅಷ್ಟು ಮನಸಿಗೆ ಬಂದೈತಿ. ಈ ಸಲ ನೀವಿಬ್ರ ಹೋಗಿ ಬರ್ರಿ. ನಾನೂ ಅತ್ತಿಗೀನೂ ಇಲ್ಲೇ ಮಾಳಿಗಿ ಮ್ಯಾಲ ಮಲ್ಕೊಂಡು ಆರಾಮ ಇರ್ತೀವಿ” ಎಂದಳು. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಬಸವರಾಜಪ್ಪ ನನ್ನನ್ನು ನೋಡಿದ, ನಾನು ಗೋಡೆಯನ್ನು ನೋಡಿದೆ. “ಹೋಗೂಣೇನ್ರಿ ಮೇಷ್ಟ್ರ?” ಎಂದ. “ಅದಕ್ಕೇನ್ರಿ ಭಾವ, ಹೋಗೂಣು” ಎಂದೆ. ಇಷ್ಟು ಜನರ ಎದುರು ಬೇರೆ ಏನು ಹೇಳಲು ಸಾಧ್ಯವಿತ್ತು?

ಅಂದಿನಿಂದ ಪ್ರತಿ ಮೇ ತಿಂಗಳೂ ನಾವಿಬ್ಬರೂ ಹೋಗುತ್ತಿದ್ದೇವೆ. ಈ ವರ್ಷವೂ ಹೋಗಿದ್ದೆವು. ಒಂದು ಸಂಜೆ ಮರಳಿನ ಮೇಲೆ ಬನಿಯನ್ನಿನಲ್ಲಿ ಕುಳಿತಿದ್ದಾಗ ಬಸವರಾಜಪ್ಪ ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, “ಮೇಷ್ಟ್ರ, ಖರೇ ಹೇಳ್ರಿ. ನಿಮಗ ಇದು ಸೇರತೈತೇನು?” ಎಂದ. ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಯಾಕ್ರಿ ಭಾವ, ನಿಮಗ ಸೇರಂಗಿಲ್ಲೇನು?” ಎಂದೆ. “ಛೇ ಛೇ, ನನಗೇನ್ರಿ, ಭಾಳ ಸೇರತೈತಿ” ಎಂದ. ಇಬ್ಬರೂ ಮುಖದ ಬೆವರು ಒರೆಸಿಕೊಂಡು ಸಮುದ್ರವನ್ನೇ ನೋಡುತ್ತ ಕುಳಿತೆವು. ಅವನೂ ಒಂದಲ್ಲ ಒಂದು ದಿನ ಬಾಯಿ ಬಿಟ್ಟೇ ಬಿಡುತ್ತಾನೆ. ಅಲ್ಲಿಯವರೆಗೆ ನಾನು ಬರುತ್ತಲೇ ಇರುತ್ತೇನೆ. ಮೊದಲು ಹೇಳುವವನು ನಾನಂತೂ ಅಲ್ಲ.