ಹಿಂದಿನ ಚಕ್ರದ ಗಾಳಿ

ನಮ್ಮ ಆಫೀಸಿನಲ್ಲಿ ಯಾರೂ ದುಡಿಯುವುದಿಲ್ಲ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಬಂದು ಕೂತ ಕೂಡಲೇ ಚಹಾ ಮತ್ತು ಬನ್ಸ್, ಅದು ಇಳಿಯುವಷ್ಟರಲ್ಲಿ ಯಾರೋ ಮನೆಯಿಂದ ತಂದ ಹಲಸಿನ ಹಪ್ಪಳ, ಊಟದ ಬೆನ್ನಿಗೆ ಬಾಯಿ ಚಪ್ಪೆಯಾಗಬಾರದೆಂದು ಚಕ್ಕುಲಿ, ಸಂಜೆ ಗೋಳಿಬಜೆ. ನಡುವೆ ಫೈಲು ಬಂದರೆ ಅದನ್ನೂ ಹಾಗೇ ಬಿಡುವುದಿಲ್ಲ, ಅದರ ಮೇಲೆ ತಟ್ಟೆ ಇಡುತ್ತೇವೆ. ಕಡಬ ಪೇಟೆಯ ಈ ಸಣ್ಣ ಕಚೇರಿಯಲ್ಲಿ ಕೈಗಳಿಗೆ ಆಗಾಗ ಬಿಡುವು ಸಿಗುತ್ತದೆ, ದವಡೆಗಳಿಗೆ ಇಲ್ಲ.

ಈ ಮಹಾಯಜ್ಞದ ಅಧ್ವರ್ಯು ನಮ್ಮ ಹೆಡ್ ಕ್ಲಾರ್ಕ್ ದೇರಣ್ಣ. ದಿನಾ ಕೊಲ್ಲಮೊಗ್ರಿನಿಂದ ಬಸ್ಸಿನಲ್ಲಿ ಬರುವ ಅವರ ಚೀಲದಲ್ಲಿ ಕಾಗದಪತ್ರ ಇದ್ದದ್ದನ್ನು ನಾನಂತೂ ಕಂಡಿಲ್ಲ. ನನ್ನ ಪಕ್ಕದ ಮೇಜಿನ ಮುನೀರಾ ಇನ್ನೊಬ್ಬಳು. ಅವಳು ಮನೆಯಲ್ಲಿ ಬಾಳೆಹಣ್ಣಿನ ಪೋಡಿ ಕರಿಯುವಾಗ ಮನೆಯವರ ಜೊತೆಗೆ ಆಫೀಸಿನವರನ್ನೂ ಲೆಕ್ಕಕ್ಕೆ ಹಿಡಿದೇ ಹಿಟ್ಟು ಕಲಸುವವಳು. ಬೇಡ ಎಂದರೆ ಇವರಿಬ್ಬರಿಗೂ ಕಿವಿ ಕೇಳಿಸುವುದಿಲ್ಲ. ಇಂಥ ತಿಂಡಿಪೋತರ ನಡುವೆ ಇಷ್ಟು ವರ್ಷ ಹೇಗೆ ಬಾಳಿದೆನೋ ಎಂದು ನನಗೇ ಆಶ್ಚರ್ಯ. (ನಾನೂ ತಿನ್ನುತ್ತಿದ್ದೆ, ನಿಜ. ಆದರೆ ಅವರು ತಿನ್ನುತ್ತಿದ್ದುದು ಆಸೆಗೆ, ನಾನು ತಿನ್ನುತ್ತಿದ್ದುದು ದಾಕ್ಷಿಣ್ಯಕ್ಕೆ. ಪುತ್ತೂರಿನ ಡಾಕ್ಟರರ ತೂಕದ ಮೆಷಿನಿಗೆ ಈ ಸೂಕ್ಷ್ಮ ತಿಳಿಯಲಿಲ್ಲ.) ಅದು ಎಪ್ಪತ್ತೆರಡು ಕೆಜಿ ಎಂದು ತೋರಿಸಿತು. ಎಂಟು ಕೆಜಿ ಇಳಿಸದಿದ್ದರೆ ಜೀವನಪೂರ್ತಿ ಮಾತ್ರೆ ನುಂಗಬೇಕಾದೀತು ಎಂದು ಡಾಕ್ಟರರು ಹೇಳಿದರು.

ಮಾತ್ರೆಗೆ ನಾನು ಹೆದರಲಿಲ್ಲ. ನನ್ನನ್ನು ಕೆಣಕಿದ್ದು ಒಂದು ಹೆಬ್ಬೆರಳು. ನನ್ನ ಗಂಡ ಪ್ರೇಮನಾಥರಿಗೆ ಕಡಬದಲ್ಲೇ ಟೈಲ್ಸ್ ಅಂಗಡಿ. ಕೋಡಿಂಬಾಳದ ಮನೆಯಿಂದ ನನ್ನನ್ನು ಸ್ಕೂಟರಿನಲ್ಲಿ ಆಫೀಸಿಗೆ ಬಿಡುವವರೂ, ಸಂಜೆ ವಾಪಸು ಕರೆತರುವವರೂ ಅವರೇ. ಪ್ರತಿಸಲ ಹೊರಡುವ ಮೊದಲು ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮಾತಿಲ್ಲ, ನಗುವಿಲ್ಲ. ಒಮ್ಮೆ ಚಕ್ರವನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ಎದ್ದು ಕೈ ಕೊಡವಿಕೊಳ್ಳುತ್ತಾರೆ. (ಒಬ್ಬರೇ ಹೋಗುವಾಗ ಈ ಮಹಾಶಯರು ಚಕ್ರದ ಕಡೆ ತಿರುಗಿಯೂ ನೋಡುವುದಿಲ್ಲ.) ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒತ್ತುವ ಹೆಬ್ಬೆರಳಿಗೆ ಏನು ಉತ್ತರ ಕೊಡುವುದು? ಎಂಟು ಕೆಜಿ ಇಳಿಸಿ ಆ ಹೆಬ್ಬೆರಳಿಗೆ ನಿವೃತ್ತಿ ಕೊಡಿಸುತ್ತೇನೆ ಎಂದು ಪುತ್ತೂರಿನಿಂದ ಬರುವ ದಾರಿಯಲ್ಲೇ ಸಾರಿದೆ.

"ಆಫೀಸಿನಲ್ಲಿ ತಿಂಡಿ ಬಿಡುದಾ ನೀನು?" ಎಂದರು ಅವರು. "ಹಾಗಾದ್ರೆ ಅಲ್ಲಿಗೆ ಎಂತಕ್ಕೆ ಹೋಗುದು?"

ಮನೆಗೊಂದು ತೂಕದ ಮೆಷಿನ್ ತರಲೇ ಎಂದು ಬೇರೆ ಕೇಳಿದರು. ಅದೆಲ್ಲ ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲದವರಿಗೆ ಎಂದು ನಾನು ಖಡಾಖಂಡಿತವಾಗಿ ಹೇಳಿದೆ.

ಮರುದಿನ ಆಫೀಸಿನಲ್ಲಿ ನಾನು ಡಯಟ್ ಎಂದೆ. ದೇರಣ್ಣ ನಕ್ಕು, ಅದರ ಪಾಡಿಗೆ ಅದು ಇರಲಿ ಎಂದು ಎರಡು ಗೋಳಿಬಜೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಡಾಕ್ಟರು ಬೇಡ ಎಂದಿದ್ದಾರೆ ಎಂದೆ. ಆ ಡಾಕ್ಟರು ಎಷ್ಟು ದಪ್ಪ ಎಂದು ಮುನೀರಾ ಕೇಳಿದಳು. ಒಂದು ವಾರ ಹೀಗೇ ನಡೆಯಿತು. ದಾಕ್ಷಿಣ್ಯಕ್ಕೆ ನಾನು ತಿಂದದ್ದೂ ನಡೆಯಿತು. ಕೊನೆಗೆ ಒಂದು ಸಂಜೆ ನನಗೆ ರೇಗಿತು. ತಟ್ಟೆಯನ್ನು ದೂರ ತಳ್ಳಿ, ನನಗೊಂದು ಹರಕೆ ಇದೆ, ತೀರುವ ತನಕ ಹೊರಗಿನ ಎಣ್ಣೆ ತಿಂಡಿ ಮುಟ್ಟುವಂತಿಲ್ಲ ಎಂದುಬಿಟ್ಟೆ.

ದೇರಣ್ಣ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂದೆ ಸರಿದರು. ಮೊದಲೇ ಹೇಳಬಾರದಿತ್ತೇ, ಒತ್ತಾಯ ಮಾಡಿ ಪಾಪ ಕಟ್ಟಿಕೊಂಡೆನಲ್ಲ ಎಂದು ಮುನೀರಾ ಮುಖ ಸಣ್ಣದು ಮಾಡಿದಳು. ಡಾಕ್ಟರಿಗೆ ಹೆದರದ ಈ ಜನ ದೇವರ ಹೆಸರಿಗೆ ಎಷ್ಟು ಬೇಗ ಬಾಗಿದರು! ಇವರ ಬುದ್ಧಿಗೆ ಮನಸ್ಸಿನಲ್ಲೇ ಮರುಗಿ, ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ.

ಆದರೆ ಹರಕೆಯವಳನ್ನು ಉಪವಾಸ ಕೆಡವುವ ಜನವಲ್ಲ ಅದು. ಎಣ್ಣೆ ತಾನೇ ಆಗದು? ದೇರಣ್ಣ ತಮ್ಮ ತೋಟದ ಕದಳಿ ಹಣ್ಣಿನ ಚಿಪ್ಪನ್ನು ನನಗೆಂದೇ ತರತೊಡಗಿದರು. ಜೊತೆಗೆ ಅವರ ಮನೆಯವರು ಶುಚಿಯಾಗಿ ಕಲಸಿದ ಬೆಲ್ಲದ ಅವಲಕ್ಕಿ. ತಮ್ಮ ಉಪವಾಸಕ್ಕೆ ಇದೇ ಆಧಾರ ಎಂದು ಮುನೀರಾ ಖರ್ಜೂರ ಮತ್ತು ಗೋಡಂಬಿಯ ಡಬ್ಬಿಯನ್ನು ನನ್ನ ಡ್ರಾಯರಿನಲ್ಲೇ ಇಟ್ಟಳು. ಅವರೆಲ್ಲ ಗೋಳಿಬಜೆ ತಿನ್ನುವಾಗ ನಾನು ಅವರನ್ನು ತಿರಸ್ಕಾರದಿಂದ ನೋಡುತ್ತ ಖರ್ಜೂರ ತಿನ್ನುತ್ತಿದ್ದೆ. ನಾಲಗೆಯ ಗುಲಾಮರು ಎಂದುಕೊಳ್ಳುತ್ತ ಇನ್ನೊಂದು ಬಾಳೆಹಣ್ಣು ಸುಲಿಯುತ್ತಿದ್ದೆ. ಫಲಾಹಾರಕ್ಕೆ ತಿಂಡಿ ಎನ್ನುವವರು ತಿಳಿಗೇಡಿಗಳು.

ಫಲ ಕಾಣಿಸಲು ತಡವಾಗಲಿಲ್ಲ. ಉಸಿರು ಬಿಗಿಹಿಡಿದು ಗುಂಡಿ ಹಾಕುತ್ತಿದ್ದ ರವಿಕೆಗಳು ಒಂದೊಂದಾಗಿ ಸಡಿಲವಾದವು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಮೆಷಿನ್ ಕೊಟ್ಟೀತು? ಭಾನುವಾರ ಗಂಡ ಕೇಳಿದಾಗ ಅರುವತ್ತೊಂಬತ್ತು ಎಂದೆ. ಮುಂದೆ ಅರುವತ್ತಾರು. ಮಳೆ ಮುಗಿಯುವ ಹೊತ್ತಿಗೆ ಅರುವತ್ತನಾಲ್ಕಕ್ಕೆ ಬಂದು ನಿಲ್ಲಿಸಿದೆ. ಅವರು ಪ್ರತಿಸಲ ಹೌದಾ ಎಂದರು, ಮತ್ತು ಹೋಗಿ ಚಕ್ರ ಒತ್ತಿದರು.

ಹೀಗಿರುವಾಗ ಒಂದು ದಿನ ದೇರಣ್ಣ ಬಚ್ಚಲಿಗೆ ಟೈಲ್ಸ್ ನೋಡಲು ನಮ್ಮ ಅಂಗಡಿಗೆ ಹೋಗಿದ್ದಾರೆ. ಹೋದವರು ಟೈಲ್ಸ್ ನೋಡಿ ಬರಬಾರದೇ? ನಿಮ್ಮವರ ಹರಕೆ ಯಾವಾಗ ತೀರಿಸುವುದು ಎಂದು ಕೇಳಿ ಬಂದಿದ್ದಾರೆ.

ಆ ಸಂಜೆ ಗಂಡ ಮನೆಗೆ ಬಂದು ಚಾವಡಿಯಲ್ಲಿ ಕೂತರು. ಆಮೇಲೆ ನೆಲ ನೋಡುತ್ತ, "ಕಳೆದ ವರ್ಷ ನನ್ನನ್ನು ಕಿಡ್ನಿ ಕಲ್ಲಿಗೆ ಆಸ್ಪತ್ರೆಗೆ ಸೇರಿಸಿದಾಗ ಹೊತ್ತ ಹರಕೆ ಅಲ್ವಾ? ಒಂದು ಮಾತು ಹೇಳ್ಲಿಲ್ಲ ನೀನು," ಎಂದರು. ಕಣ್ಣು ಒದ್ದೆಯಾಗಿತ್ತು. ಗ್ರಾಹಕರು ಟೈಲ್ಸ್ ಒಡೆದರೂ ಕಣ್ಣು ಒದ್ದೆಯಾಗದ ಮನುಷ್ಯ. ಅಲ್ಲ, ಅದು ಗೋಳಿಬಜೆಯಿಂದ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಎಂದು ಹೇಗೆ ಹೇಳಲಿ? ನಾನು ಸೆರಗಿನ ತುದಿ ಹಿಡಿದುಕೊಂಡು ನಿಂತೆ. ನಾಚಿಕೆ ಎಂದು ಅವರು ತಿಳಿದುಕೊಂಡರು.

ಮರುದಿನ ಬೆಳಿಗ್ಗೆ ಅವರು ಚಕ್ರ ಒತ್ತಲಿಲ್ಲ! ಅದರ ಮರುದಿನವೂ ಇಲ್ಲ. ಸ್ಕೂಟರಿನ ಹಿಂದೆ ಕೂತು ಕಡಬ ಪೇಟೆಯಲ್ಲಿ ಹಾದುಹೋಗುವಾಗ ನನಗೆ ನಿಜಕ್ಕೂ ಸಂತೋಷವಾಗುತ್ತಿತ್ತು. ಸುಳ್ಳು ಹರಕೆ ಎಂಬ ಅಳುಕೂ ಇತ್ತು. ಆದರೆ ಹೆಬ್ಬೆರಳಿನ ನಿವೃತ್ತಿಯ ಮುಂದೆ ಅದು ದೊಡ್ಡದೆನಿಸಲಿಲ್ಲ.

ಅಳುಕನ್ನು ದೊಡ್ಡದು ಮಾಡಿದವರು ನನ್ನ ಅತ್ತೆ ಚೆನ್ನು. ಹೊತ್ತ ಹರಕೆಯನ್ನು ವರ್ಷ ದಾಟಿಸಬಾರದು, ದೇವಸ್ಥಾನದಲ್ಲಿ ಬೆಲ್ಲದ ತುಲಾಭಾರ ಮಾಡಿಸಿ ತೀರಿಸಬೇಕು ಎಂದು ಅವರು ತೀರ್ಪು ಕೊಟ್ಟರು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ನನ್ನ ತೂಕದ ಬೆಲ್ಲ. ಎಷ್ಟು ಬೆಲ್ಲ ತರಬೇಕೆಂದು ಗಂಡ ಕೇಳಿದರು. ಅರುವತ್ತನಾಲ್ಕು ಎಂದೆ. ದೇವರಿಗೆ ಕಡಿಮೆ ಬೀಳಬಾರದೆಂದು ಅವರು ಅರುವತ್ತೈದು ತಂದರು.

ಭಾನುವಾರ ದೇವಸ್ಥಾನದಲ್ಲಿ ನೆಂಟರು, ನೆರೆಯವರು, ದೇರಣ್ಣನ ಮುಂದಾಳತ್ವದಲ್ಲಿ ನಮ್ಮ ಆಫೀಸು. ಅಲ್ಲಿಗೂ ಇವರು ಬಂದದ್ದು ಭಕ್ತಿಗೋ ಮಧ್ಯಾಹ್ನದ ಊಟಕ್ಕೋ ಎಂದು ಮನಸ್ಸಿನಲ್ಲೇ ಮೂಗು ಮುರಿಯುತ್ತ, ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ನಾನು ತಟ್ಟೆಯಲ್ಲಿ ಕೂತೆ. ತಟ್ಟೆ ನೆಲ ಕಚ್ಚಿತು. ಭಟ್ಟರು ಬೆಲ್ಲ ಇಡತೊಡಗಿದರು. ಒಂದೊಂದೇ ಅಚ್ಚು ಏರಿ ಆಚೆ ಗುಡ್ಡವಾಯಿತು. ಬೆಲ್ಲವೆಲ್ಲ ಮುಗಿದು ಖಾಲಿ ಗೋಣಿಯನ್ನು ಕೊಡವಿದ್ದೂ ಆಯಿತು. ನಾನು ನೆಲ ಬಿಟ್ಟು ಏಳಲಿಲ್ಲ.

ಡೋಲಿನವರು ಇನ್ನೇನು ಎದ್ದಾರು ಎಂದು ಬಾರಿಸುತ್ತಲೇ ಇದ್ದರು. ಅತ್ತೆ ಕೌಂಟರಿನಿಂದ ತೆಂಗಿನಕಾಯಿ ತರಿಸಿ ಇಡಿಸಿದರು. ನಾನು ಕಣ್ಣು ಮುಚ್ಚಿ ಉಸಿರು ಮೇಲಕ್ಕೆಳೆದುಕೊಂಡೆ. (ಉಸಿರಿನಿಂದ ತೂಕ ಇಳಿಯುವುದಿಲ್ಲ ಎಂದು ಗೊತ್ತು. ಆ ಹೊತ್ತಿನಲ್ಲಿ ವಿಜ್ಞಾನ ನೆನಪಾಗುವುದಿಲ್ಲ.) ಆಗ ದೇರಣ್ಣ ಮುಂದೆ ಬಂದು, ಸೋಮವಾರ ಆಫೀಸಿಗೆಂದು ತಂದಿಟ್ಟಿದ್ದ ಕದಳಿ ಗೊನೆಯನ್ನು ಇಡಿಯಾಗಿ ಆಚೆ ತಟ್ಟೆಗೆ ಏರಿಸಿದರು. ತಕ್ಕಡಿ ಒಮ್ಮೆ ನಡುಗಿತು, ಅಷ್ಟೆ.

"ಇನ್ನೂ ಸ್ವಲ್ಪ ಬೇಕು," ಎಂದರು ಭಟ್ಟರು, ತುಂಬಾ ಮೆತ್ತಗೆ.

ಗಂಡ ಹೊರಗೆ ಹೋದರು. ರಥಬೀದಿಯ ಹಣ್ಣಿನಂಗಡಿಯಿಂದ ಗೊನೆ ಹೊತ್ತು ತರುವ ತನಕ ಊರಿನ ಎದುರು ನಾನು ಆ ತಟ್ಟೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿರಬೇಕಾಯಿತು. ಆ ಪುರುಸೊತ್ತಿನಲ್ಲಿ ಅತ್ತೆ ಬಾಗಿ ನನ್ನ ಕಿವಿಯಲ್ಲಿ, "ಹೀಗೇ ಆಗ್ತದೆ ಅಂತ ನಾನು ಎಣಿಸಿದ್ದೆ. ನಿನ್ನ ಉಸಿರು ಕಟ್ಟುದು ನೋಡ್ಲಿಕ್ಕಾಗದೆ ರವಿಕೆಗಳ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದು ನಾನಲ್ವಾ," ಎಂದರು.

ಹೊಸ ಗೊನೆ ಬಿದ್ದ ಮೇಲೆ ನಾನು ಎದ್ದೆ. ಎಷ್ಟಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ತುಟಿಗಳೂ ಕೂಡಿಸುವ ಲೆಕ್ಕ ಮಾಡುತ್ತಿದ್ದವು.

ಸೋಮವಾರ ಸಂಜೆ ನನ್ನ ಮೇಜಿನ ಮೇಲೆ ಗೋಳಿಬಜೆಯ ತಟ್ಟೆ ಬಂತು. ಹರಕೆ ತೀರಿತಲ್ಲ, ಇನ್ನು ಎಂತ ತಿಂದರೂ ಅಡ್ಡಿ ಇಲ್ಲ ಎಂದು ಮುನೀರಾ ಚಟ್ನಿಯನ್ನೂ ಹತ್ತಿರಕ್ಕೆ ಸರಿಸಿದಳು. ಹೇಳಲು ನನ್ನಲ್ಲಿ ಯಾವ ನೆಪವೂ ಉಳಿದಿರಲಿಲ್ಲ. ತಿಂದೆ. ಬಿಸಿಯಾಗಿತ್ತು, ಚೆನ್ನಾಗಿತ್ತು, ಅದನ್ನೇಕೆ ಅಲ್ಲಗಳೆಯಲಿ?

ಐದೂವರೆಗೆ ಗಂಡ ಬಂದರು. ನನ್ನನ್ನು ಬೀಳ್ಕೊಡಲು ಎಂದೂ ಎದ್ದುಬರದ ದೇರಣ್ಣ ಅಂದು ಮೆಟ್ಟಿಲಿಳಿದು ಬಂದರು. ಹಿಂದೆ ಆಫೀಸು ಪೂರ್ತಿ. ಗಂಡ ನನ್ನನ್ನು ನೋಡಿದರು. ಆಮೇಲೆ ನಿಧಾನಕ್ಕೆ ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ, ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದರು.

ದೇರಣ್ಣ ಪಂಚೆ ಎತ್ತಿ ಕಟ್ಟಿ ಅವರೂ ಕೂತರು.

"ಮುಂದಿನದ್ದು ನಾನು ನೋಡ್ತೇನೆ ಮಾರಾಯ್ರೆ," ಎಂದರು.