ವಸಡಿನ ಸ್ವಿಚ್ಚು

ಬೀಗರೂಟದ ದಿನ ಬೆಳಿಗ್ಗೆಯೇ ಪುಟ್ಟಸ್ವಾಮಿಯ ಎಡಗಡೆ ವಸಡು ಊದಿಕೊಂಡಿತು. ಹಾಳಾದ ವಸಡಿಗೆ ಬೇರೆ ದಿನವೇ ಸಿಗಲಿಲ್ಲವೇ! ಮಗಳು ಧನ್ಯಾಳ ಮಾವ ಶಾಂತರಾಜು ಚನ್ನರಾಯಪಟ್ಟಣದಲ್ಲಿ ಎರಡು ಕುರಿ ಕಡಿಸಿದ್ದರು. ಹೆಣ್ಣಿನ ತಂದೆಯೇ ಎಲೆ ಮುಂದೆ ಸುಮ್ಮನೆ ಕೂತರೆ, ಮಗಳು ಆ ಮನೆಯಲ್ಲಿ ಜೀವಮಾನವಿಡೀ ಮಾತು ಕೇಳಬೇಕು.

"ಹಲ್ಲಿನ ಡಾಕ್ಟ್ರತ್ರ ಓಗಿ ಅಂತ ವಾರದಿಂದ ಬಡ್ಕೊಂಡೆ" ಎಂದಳು ಹೆಂಡತಿ ಧನಲಕ್ಷ್ಮಿ.

ಅಷ್ಟರಲ್ಲಿ ಪಕ್ಕದ ಮನೆಯ ಚಂದ್ರಯ್ಯ, ಎಂದಿನಂತೆ, ಯಾರೂ ಕರೆಯದೆ ಬಂದರು. ನಿವೃತ್ತಿಯವರೆಗೆ ಬಸ್ ಕಂಡಕ್ಟರ್, ಆಮೇಲೆ ಮೊಬೈಲಿನ ಕೃಪೆಯಿಂದ ಡಾಕ್ಟರ್.

"ಡಾಕ್ಟ್ರು ಯಾಕ್ರೀ? ಎಬ್ಬೆಟ್ಟು, ತೋರುಬೆಳ್ಳು, ಎಲ್ಡರ ಮಧ್ಯೆ ಒಂದು ಪಾಯಿಂಟೈತೆ. ವಸಡಿನ ಸ್ವಿಚ್ಚೇ ಅಲ್ಲಿರೋದು. ಚೀನಾದೋರು ಸೂಜಿ ಚುಚ್ತಾರೆ, ನಾವು ಅಮುಕಿದ್ರೆ ಸಾಕು. ಎಡಗಡೆ ವಸಡಿಗೆ ಬಲಗೈ. ಕೊಡಿ ಇಲ್ಲಿ!"

ಮೂವತ್ತು ವರ್ಷ ಟಿಕೆಟ್ ಹರಿದ ಹೆಬ್ಬೆರಳು ಅದು. ಒಮ್ಮೆ ಅಮುಕಿದ್ದಕ್ಕೆ, ಹೊಳೆನರಸೀಪುರದಲ್ಲಿ ಕೂತಿದ್ದ ಪುಟ್ಟಸ್ವಾಮಿಗೆ ಶ್ರವಣಬೆಳಗೊಳದ ಬೆಟ್ಟ ಕಂಡಿತು.

ಊಟಕ್ಕೆ ಬೀದಿಯವರೆಲ್ಲ ಒಂದೇ ಬಸ್ಸಿನಲ್ಲಿ ಹೊರಟರು. "ನೋವು ಕಮ್ಮಿಯಾಯ್ತಾ?" ಎಂದರು ಚಂದ್ರಯ್ಯ. ಇಲ್ಲ ಎಂದದ್ದೇ ತಪ್ಪಾಯಿತು. ಹಿಂದಿನ ಸೀಟಿನ ನೀಲಗಂಗಮ್ಮ, "ನೀವು ಅಮುಕ್ತಿರೋ ಜಾಗವೇ ಸರಿಯಿಲ್ಲ ಕಣ್ರೀ" ಎಂದು ಮನೆಯ ಬೀಗದ ಕೈಯಿಂದ ಒತ್ತಿದರು. ಆ ಬಸ್ಸಿನ ಕಂಡಕ್ಟರೂ ಬಂದು ಪೆನ್ನಿನ ಹಿಂಭಾಗದಿಂದ ಒತ್ತಿದ. ಇಡೀ ಬಸ್ಸಿನಲ್ಲಿ ವೈದ್ಯನಲ್ಲದವನು ರೋಗಿಯೊಬ್ಬನೇ. ಚನ್ನರಾಯಪಟ್ಟಣದಲ್ಲಿ ಇಳಿಯುವಾಗ ವಸಡಿನ ನೋವು ಗೊತ್ತಾಗುತ್ತಿರಲಿಲ್ಲ. ಬಲಗೈ ಬನ್ನಿನಂತೆ ಉಬ್ಬಿ, ಬೆರಳು ಮಡಚಲಾಗದೆ ಉರಿಯುತ್ತಿತ್ತು.

"ನೋಡುದ್ರಾ, ನಾನೇಳ್ಲಿಲ್ವಾ!" ಎಂದು ಚಂದ್ರಯ್ಯ ಎಲ್ಲರ ಮುಖ ನೋಡಿದರು.

ಎಲೆ ಹಾಕಿದರು. ಬಿಸಿ ರಾಗಿ ಮುದ್ದೆ ಬಂತು, ಮೇಲೆ ಮಟನ್ ಸಾರು ಬಂತು. ಪುಟ್ಟಸ್ವಾಮಿ ಮುದ್ದೆ ಮುರಿಯಲು ಹೋದ. ಬೆರಳು ಬಗ್ಗಲಿಲ್ಲ.

"ಯಾಕ್ ಬೀಗ್ರೆ, ನಮ್ಮನೆ ಊಟ ಸೇರ್ಲಿಲ್ವಾ?" ಎಂದರು ಶಾಂತರಾಜು. ಸಾಲಿಗೆ ಸಾಲೇ ಇತ್ತ ತಿರುಗಿತು.

"ಅಪ್ಪಾ, ಒಂದೇ ಒಂದು ತುತ್ತು ತಿನ್ನಪ್ಪ" ಎಂದು ಧನ್ಯಾ ಕಿವಿಯ ಬಳಿ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. ಏನಾದರಾಗಲಿ ಎಂದು ಪುಟ್ಟಸ್ವಾಮಿ ಮುದ್ದೆಗೆ ಎಡಗೈ ಹಾಕಿದ.

"ಅಯ್ಯೋ, ಎಡಗೈಲಿ!" ಎಂದು ಬೀಗಿತ್ತಿ ಕೂಗಿದರು. ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು.

ಪುಟ್ಟಸ್ವಾಮಿ ನಾಚಿಕೆ ಬಿಟ್ಟು ವಸಡು, ಸ್ವಿಚ್ಚು, ಬಸ್ಸು ಎಲ್ಲ ಹೇಳಿದ. ಶಾಂತರಾಜು ಅವನ ಬಾಯಿ ನೋಡಿದರು, ಕೈ ನೋಡಿದರು, ಕೊನೆಗೆ ಎಲೆ ನೋಡಿದರು.

"ಅಲ್ಲ ಬೀಗ್ರೆ, ಮುದ್ದೆ ನುಂಗಕ್ಕೆ ವಸಡು ಯಾಕ್ ಬೇಕು? ಕೈಯಲ್ವಾ ಬೇಕಾಗಿರೋದು! ಲೇ, ಬೀಗ್ರ ಎಲೆ ತೆಗೀರ್ಲಾ. ಒಂದ್ ಲೋಟ ಆಲು ಕೊಡಿ."

ಧನ್ಯಾ ತಲೆ ತಗ್ಗಿಸಿ ಒಳಗೆ ಹೋದಳು. ಬೀಗಿತ್ತಿಗೆ ಇನ್ನು ಹತ್ತು ವರ್ಷಕ್ಕಾಗುವಷ್ಟು ಮಾತು ಸಿಕ್ಕಿತ್ತು.

ಪಕ್ಕದ ಎಲೆಯಲ್ಲಿ ಚಂದ್ರಯ್ಯ ಮೂರನೆಯ ಮೂಳೆ ಚೀಪಿ ಮುಗಿಸಿ, ಕೈ ನೆಕ್ಕಿಕೊಂಡು, ಹತ್ತಿರ ಸರಿದರು.

"ಯೋಚ್ನೆ ಮಾಡ್ಬೇಡಿ. ಕೈ ಊತಕ್ಕೂ ಒಂದು ಪಾಯಿಂಟೈತೆ. ಎಲ್ಲಿ, ಬಾಯಿ ತೆಗೀರಿ. ವಸಡಿನ ಮೇಲೇ ಇರೋದು ಅದು!"